ಅಬೂಬಕರ್ ತನಕ ಬಂದು ನಿಂತ ಪಾಠ

ಮೊನ್ನೆ ಗುಂಡ್ಲುಪೇಟೆಯಲ್ಲಿ ಬಸ್ಸಿಳಿದಾಗ ಮೊದಲು ಎದುರಾದದ್ದು ಸಾಂಬಾರ್ ಈರುಳ್ಳಿಯ ವಾಸನೆ. ಮಳೆಗೆ ನೆಂದ ಚೀಲದೊಳಗೆ ಈರುಳ್ಳಿ ಬೆಚ್ಚಗಾಗಿ, ಅರ್ಧ ಕೊಳೆತು ಅರ್ಧ ಮೊಳೆಯುವ ಹೊತ್ತಿನ ವಾಸನೆ. ಊರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ನನಗೆ ಗೊತ್ತಾಗುತ್ತದೆ, ಯಾಕೆಂದರೆ ಅದರ ಜೊತೆಗೆ ಒಂದು ಮುಂಗಾರು ನೆನಪಿಗೆ ಬರುತ್ತದೆ. ಆ ಮುಂಗಾರಿನಲ್ಲಿ ಈ ಊರು ಒಬ್ಬ ಉಪನ್ಯಾಸಕಿಯನ್ನು ಕೆಲಸದಿಂದ ಬಿಡಿಸಿತು. ಕಾರಣವೆಂದು ಹೇಳಿದ್ದು ಅರಬ್ ನಾಡಿನಲ್ಲಿ ಸಾವಿರದ ನಾನೂರು ವರ್ಷಗಳ ಹಿಂದೆ ನಡೆದ ಒಂದು ಸಭೆಯನ್ನು. ನಿಜವಾದ ಕಾರಣ ಊರಾಚೆಯ ದನದ ಸಂತೆಯಲ್ಲಿತ್ತು.

ನಾನಾಗ ಚಾಮರಾಜನಗರದಲ್ಲಿ ವರದಿಗಾರ. ಗುಂಡ್ಲುಪೇಟೆಯ ನಮ್ಮ ವರದಿಗಾರರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರಿಂದ, ಅವರು ಎದ್ದು ಓಡಾಡುವವರೆಗೆ ಆ ತಾಲ್ಲೂಕು ನನ್ನ ಪಾಲಿಗೆ ಬಂತು. ಹೆದ್ದಾರಿ ಬದಿಯ ಲಾಡ್ಜಿನಲ್ಲಿ ಕೋಣೆ. ಕಾಡಿನ ರಸ್ತೆ ಇರುಳು ಮುಚ್ಚುವುದರಿಂದ ಕೇರಳದ ಕಡೆ ಹೋಗುವ ಲಾರಿಗಳು ಸಂಜೆಯಿಂದಲೇ ಇಲ್ಲಿ ಸಾಲುಗಟ್ಟುತ್ತವೆ. ಹೋಟೆಲು, ಪಂಕ್ಚರ್ ಅಂಗಡಿ, ಮಲಯಾಳದ ಬೋರ್ಡು ಎಲ್ಲ ಆ ಸಾಲನ್ನು ನಂಬಿಕೊಂಡಿವೆ. ಆಷಾಢದಲ್ಲಿ ರಸ್ತೆಯ ಎರಡೂ ಕಡೆ ಚೆಂಡುಹೂ, ಸೂರ್ಯಕಾಂತಿ. ಕೇರಳದ ಕಾರುಗಳು ನಿಂತು ಫೋಟೊ ತೆಗೆದುಕೊಳ್ಳುತ್ತವೆ. ಹೊಲದವನು ಬೇಲಿಗೊಂದು ಗೇಟು ಕಟ್ಟಿ, ಒಳಗೆ ಬಿಡಲು ದುಡ್ಡು ಕೇಳುತ್ತಾನೆ. ವಯನಾಡಿನ ಕಡೆಯಿಂದ ಗಾಳಿ, ಬಿಟ್ಟೂಬಿಡದ ಸೋನೆ, ಒಣಗದ ಬಟ್ಟೆ. ಊರು ನನಗೆ ಹಿಡಿಸಲಿಲ್ಲ. ಹಿಡಿಸಬೇಕೆಂದು ಯಾರೂ ಕೇಳಿರಲೂ ಇಲ್ಲ.

ಆ ಊರಿನ ಒಂದು ಪದವಿ ಕಾಲೇಜಿನಲ್ಲಿ ನಸ್ರೀನ್ ಎಂಬುವರು ಇತಿಹಾಸ ಕಲಿಸುತ್ತಿದ್ದರು. ಅತಿಥಿ ಉಪನ್ಯಾಸಕಿ, ಪ್ರತಿ ವರ್ಷ ಹೊಸ ಆದೇಶ ಬಂದರೆ ಕೆಲಸ, ಬಾರದಿದ್ದರೆ ಇಲ್ಲ. ತಂದೆ ಬಾಷಾ ಸಾಬರು ದನದ ಸಂತೆಯ ಹಳೆಯ ದಲ್ಲಾಳಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಊರಿನ ಕನ್ನಡ, ಕ್ಲಾಸಿನಲ್ಲಿ ಮೈಸೂರಿನಲ್ಲಿ ಓದಿ ತಂದ ಕನ್ನಡ. ಆ ಸೆಮಿಸ್ಟರಿನ ಪಠ್ಯದಲ್ಲಿ ಇಸ್ಲಾಮಿನ ಉದಯ ಮತ್ತು ಅದರ ಮೊದಲ ವಿಸ್ತರಣೆ ಎಂಬ ಅಧ್ಯಾಯವಿತ್ತು.

ಆ ಪಾಠದ ಹೊತ್ತಿಗೆ ನಾನು ಕ್ಲಾಸಿನಲ್ಲಿರಲಿಲ್ಲ. ಇಲ್ಲಿ ಬರೆಯುತ್ತಿರುವುದು ಮೂವರು ವಿದ್ಯಾರ್ಥಿಗಳು ಬೇರೆಬೇರೆಯಾಗಿ ಹೇಳಿ, ಒಂದಕ್ಕೊಂದು ತಾಳೆಯಾಗಿ, ಆಮೇಲೆ ಮೇಡಂ ಕೂಡ ಹೌದೆಂದದ್ದು.

ಮೇಡಂ ಶುರು ಮಾಡಿದ್ದು ಹೀಗೆ: "ಮಕ್ಕಾ ಅಂದ್ರೆ ಗುಂಡ್ಲುಪೇಟೆ ಅಂದ್ಕೊಳ್ಳಿ. ಇಲ್ಲಿಗಿಂತ ಕಡೆ. ಬೆಳೆ ಇಲ್ಲ, ನೀರು ಕಮ್ಮಿ. ಆದ್ರೆ ದಾರಿ ಇದೆ. ಯೆಮನ್ನಿಂದ ಸಿರಿಯಾಕ್ಕೆ ಹೋಗೋ ಒಂಟೆ ಸಾಲು ನಮ್ಮ ಲಾರಿ ಸಾಲಿನ ಥರ. ಊರ ಮಧ್ಯೆ ಕಾಬಾ, ಆಗ ಅದರ ತುಂಬ ಬೇರೆಬೇರೆ ಬುಡಕಟ್ಟಿನವರ ವಿಗ್ರಹಗಳು. ವರ್ಷಕ್ಕೊಮ್ಮೆ ಎಲ್ರೂ ಬರ್ತಾರೆ. ಬಂದೋರು ಬರೀ ಕೈ ಮುಗಿದು ಹೋಗಲ್ಲ, ಕೊಳ್ತಾರೆ, ಮಾರ್ತಾರೆ. ಇಂಥ ಊರಲ್ಲಿ ಒಬ್ಬರು ಎದ್ದು ನಿಂತು, ದೇವರು ಒಬ್ಬನೇ, ಅನಾಥರ ಪಾಲು ತಿನ್ನಬೇಡಿ, ತೂಕದಲ್ಲಿ ಮೋಸ ಮಾಡಬೇಡಿ ಅಂದ್ರೆ ಏನಾಗುತ್ತೆ? ಊರಿನ ದೊಡ್ಡೋರಿಗೆ ಕೋಪ ಬಂದಿದ್ದು ದೇವರ ವಿಷಯಕ್ಕೋ ವ್ಯಾಪಾರದ ವಿಷಯಕ್ಕೋ? ಯೋಚನೆ ಮಾಡಿ ಬನ್ನಿ."

ಹುಡುಗರು ಯೋಚನೆ ಮಾಡಿ ಬರಲಿಲ್ಲ. ಪಾಠ ಮುಂದುವರಿಯಿತು. ಪ್ರವಾದಿಯ ಮನೆತನಕ್ಕೆ ಮಕ್ಕಾದವರು ಹಾಕಿದ ಬಹಿಷ್ಕಾರ, ಮದೀನಾಕ್ಕೆ ವಲಸೆ, ಎರಡೂ ಊರಿನ ನಡುವಿನ ಯುದ್ಧಗಳು, ಕೊನೆಗೆ ಮಕ್ಕಾ ಶರಣಾದದ್ದು. ಹಿಂದಿನ ಬೆಂಚಿನವನೊಬ್ಬ, "ಕತ್ತಿ ಇತ್ತಾ ಮೇಡಂ?" ಎಂದು ಕೇಳಿದ. ಕೇಳಿದ ರೀತಿಗೆ ಕೆಲವರು ನಕ್ಕರು.

"ಇತ್ತು. ಕತ್ತಿ ಇಲ್ಲದ ಸಾಮ್ರಾಜ್ಯ ಒಂದಿದ್ರೆ ತಂದು ತೋರ್ಸು, ನಾನೂ ನೋಡ್ತೀನಿ. ಆದ್ರೆ ಬರೀ ಕತ್ತಿಯಿಂದ ಆಯ್ತು ಅಂತ ಬರೆದ್ರೂ ಮಾರ್ಕ್ಸ್ ಕೊಡಲ್ಲ, ಬರೀ ಶಾಂತಿಯಿಂದ ಆಯ್ತು ಅಂತ ಬರೆದ್ರೂ ಕೊಡಲ್ಲ."

ಆಮೇಲೆ ಬಂದದ್ದು ಆ ಸಭೆ. ಪ್ರವಾದಿ ತೀರಿಕೊಂಡಿದ್ದಾರೆ. ಮುಂದೆ ಯಾರೆಂಬುದರಲ್ಲಿ ಒಮ್ಮತವಿಲ್ಲ. ಮದೀನಾದವರು ಒಂದು ಚಪ್ಪರದಡಿ ಸೇರಿ ನಾಯಕ ನಮ್ಮವನಾಗಲಿ ಎನ್ನುತ್ತಾರೆ. ಮಕ್ಕಾದಿಂದ ವಲಸೆ ಬಂದವರಿಗೆ ಸುದ್ದಿ ಮುಟ್ಟಿ ಅವರೂ ಓಡಿ ಬರುತ್ತಾರೆ. ಮಾತು ಬಿಸಿಯಾಗುತ್ತದೆ. ಆಗ ಅವರಲ್ಲೊಬ್ಬರಾದ ಉಮರ್, ಪ್ರವಾದಿಯ ಹತ್ತಿರದ ಒಡನಾಡಿ ಅಬೂಬಕರ್ ಅವರ ಕೈ ಹಿಡಿದು ನಿಮಗೆ ನನ್ನ ನಿಷ್ಠೆ ಎನ್ನುತ್ತಾರೆ. ಉಳಿದವರೂ ಒಬ್ಬೊಬ್ಬರಾಗಿ ಕೈ ಕೊಡುತ್ತಾರೆ. ಹಾಗೆ ಕೈ ಕೊಡುವುದಕ್ಕೆ ಬೈಅತ್ ಎಂದು ಹೆಸರು. ಅಬೂಬಕರ್ ಮೊದಲ ಖಲೀಫರಾದದ್ದು ಹಾಗೆ.

ಉಡಿಗಾಲದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಚೈತ್ರಾ ಎಂಬ ಹುಡುಗಿ ಎದ್ದು ಕೇಳಿದಳು: "ಬರೀ ಕೈ ಹಿಡಿದ್ರೆ ಆಯ್ತಾ ಮೇಡಂ?"

"ನಿಮ್ಮಪ್ಪ ಹಸು ಮಾರುವಾಗ ಏನು ಮಾಡ್ತಾರೆ?"

"ಟವಲ್ ಒಳಗ ಕೈ ಕೊಡ್ತಾರ."

ಈ ಕಡೆಯ ಸಂತೆ ನೋಡದವರಿಗೆ ಇದನ್ನು ಹೇಳಬೇಕು. ದನದ ವ್ಯಾಪಾರದಲ್ಲಿ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ದಲ್ಲಾಳಿ ಹೆಗಲಿನ ಟವೆಲನ್ನು ಇಬ್ಬರ ಕೈ ಮೇಲೆ ಹಾಕುತ್ತಾನೆ. ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಮಾರುವವನಿಗೊಂದು ಸಲ, ಕೊಳ್ಳುವವನಿಗೊಂದು ಸಲ. ಸುತ್ತ ನಿಂತವರಿಗೆ ಕಾಣುವುದು ಮೊಣಕೈ ಮಾತ್ರ.

ಮೇಡಂ ಚೈತ್ರಾಳನ್ನು ಮುಂದೆ ಕರೆದು, ಅವಳ ಕೈ ಹಿಡಿದು, ಮೇಜಿಗೆ ಹಾಸಿದ್ದ ಹಸಿರು ಬಟ್ಟೆಯನ್ನು ಮೇಲೆ ಮುಚ್ಚಿದರು. "ಇದು ಸಂತೆ. ಕೈ ಏನು ಹೇಳ್ತು ಅಂತ ನಮ್ಮಿಬ್ರಿಗೇ ಗೊತ್ತು." ಬಟ್ಟೆಯನ್ನು ಎಳೆದು ಹಾಕಿದರು. "ಟವೆಲ್ ತೆಗೀರಿ. ಇದು ಬೈಅತ್. ಎಲ್ಲರ ಕಣ್ಣೆದುರಿಗೆ. ಕೊಟ್ಟೋನೂ ಸಿಕ್ಕಿಬಿದ್ದ, ತಗೊಂಡೋನೂ ಸಿಕ್ಕಿಬಿದ್ದ."

ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಆದರೆ ಆ ಕ್ಲಾಸಿನಲ್ಲಿದ್ದವರು ಬಹುಪಾಲು ರೈತರ ಮಕ್ಕಳು. ಅವರಿಗೆ ಖಲೀಫರಿಗಿಂತ ಬೆರಳಿನ ಮೇಲೆ ಆಸಕ್ತಿ. "ನಮ್ಮಪ್ಪಂಗ ಬೆರಳು ಗೊತ್ತು ಮೇಡಂ, ಆದ್ರೂ ಪ್ರತಿ ಸಲ ಎಂಗೆ ಮೋಸ ಓಯ್ತಾರೆ?" ಎಂದಳು ಚೈತ್ರಾ. ಮೇಡಂ ನಕ್ಕು, ಅವಳ ಮಣಿಕಟ್ಟಿನ ಒಳಬದಿಗೆ ಹೆಬ್ಬೆರಳು ಒತ್ತಿ ತೋರಿಸಿದರು. ಎರಡೂ ಕಡೆಗೆ ದಲ್ಲಾಳಿಗಳಿದ್ದು ಒಬ್ಬ ಇನ್ನೊಬ್ಬನಿಗೆ ಹಾಗೆ ಒತ್ತಿದರೆ, ಈಗ ಹೇಳುತ್ತಿರುವ ಬೆಲೆ ಹಸುವಿನವನಿಗೆ, ನಮ್ಮಿಬ್ಬರದು ಬೇರೆ ಎಂದು ಅರ್ಥ. ಬಾಷಾ ಸಾಬರು ಮಗಳು ಚಿಕ್ಕವಳಿದ್ದಾಗ ಆಟಕ್ಕೆ ಕಲಿಸಿದ್ದು. ಆ ಸೆಮಿಸ್ಟರಿನಲ್ಲಿ ಇಡೀ ಕ್ಲಾಸು ಒಟ್ಟಿಗೆ ಗಮನ ಕೊಟ್ಟ ಒಂದೇ ಪಾಠ ಅದು.

ಕೆಲವು ದಿನ ಕಳೆದು ಒಂದು ಬೆಳಗ್ಗೆ ಕಾಲೇಜಿನ ಗೇಟಿನಲ್ಲಿ ಘೋಷಣೆ ಕೇಳಿಸಿತು. ಸೋನೆಯಲ್ಲಿ ಶಾಲು ಹೊದ್ದ ಹುಡುಗರು. ಮುಂದೆ ಛತ್ರಿ ಹಿಡಿದ ಮಾದಪ್ಪ, ಐವತ್ತು ದಾಟಿದ ಗಟ್ಟಿ ಆಳು. ಖಲೀಫರ ಪಾಠ ನಿಲ್ಲಿಸಿ, ಉಪನ್ಯಾಸಕಿಯನ್ನು ತೆಗೆಯಿರಿ ಎಂಬುದು ಬೇಡಿಕೆ. ನಾನು ಹತ್ತಿರ ಹೋಗಿ ಕೇಳಿದೆ.

"ಏನು ಪಾಠ ಮಾಡಿದ್ರಂತೆ?"

"ಅದ್ಯಾವುದೋ ಅರಬ್ಬರ ಕತೆ ಸಾ. ನಮ್ಮ ಮಕ್ಳಿಗ ಅದ್ಯಾಕ?"

"ಸಿಲಬಸ್‌ನಲ್ಲಿದೆಯಲ್ಲ."

"ಇರ್ಲಿ ಬುಡಿ. ಸಿಲಬಸ್ಸು ಮಾಡ್ದೋರ್ನೂ ಕೇಳ್ತೀವಿ."

"ಯಾವ ಮಾತು ತಪ್ಪು ಅನ್ನಿಸ್ತು?"

ಅವರು ಒಂದು ಕ್ಷಣ ಛತ್ರಿಯ ಕಡ್ಡಿ ನೋಡಿದರು. "ದನದ ಯಾಪಾರದ ಮಾತ ಕ್ಲಾಸಲ್ಲಿ ಆಡದಾ ಸಾ? ಅದೂ ಹೆಣ್ಣೆಂಗ್ಸು?"

ಮಾರನೆಯ ದಿನ ಅದೇ ಗೇಟಿನಲ್ಲಿ ಇನ್ನೊಂದು ಗುಂಪು. ಇವರು ಘೋಷಣೆ ಕೂಗಲಿಲ್ಲ. ಟೋಪಿ ಹಾಕಿಕೊಂಡು ಸಾಲಾಗಿ ಪ್ರಾಂಶುಪಾಲರ ಕೋಣೆಗೆ ಹೋದರು. ಮಾತಾಡಿದ್ದು ಸತ್ತಾರ್ ಎಂಬುವರು. ಬೈಅತ್ ಎಂಬ ಪವಿತ್ರ ಮಾತನ್ನು ಸಂತೆಯ ಕೈವ್ಯಾಪಾರಕ್ಕೆ ಹೋಲಿಸಿದ್ದಾಳೆ, ಹಸಿರು ಬಟ್ಟೆಯನ್ನು ನೆಲಕ್ಕೆ ಹಾಕಿದ್ದಾಳೆ, ಇವಳು ನಮ್ಮವಳೇ ಆದರೂ ಬಿಡುವುದಿಲ್ಲ. ಹೊರಬಂದ ಮೇಲೆ ಅವರನ್ನೂ ಅದೇ ಪ್ರಶ್ನೆ ಕೇಳಿದೆ: ಯಾವ ಮಾತು ತಪ್ಪು?

"ದೀನಿನ ಮಾತು, ಧರ್ಮದ ಮಾತು ಒಂದು ಕಡೆ ಇರ್ಲಿ ಸಾರ್. ಬೆರಳು ಗಿರಳು ಅಂತ ಹುಡುಗರ ಮುಂದೆ ಹೇಳೋದಾ? ನಾಲ್ಕು ಜನ ಹೊಟ್ಟೆ ಹೊರೆಯೋ ಕಸುಬು ಅದು."

ಒಬ್ಬರಿಗೆ ಖಲೀಫರ ಹೆಸರೇ ಬೇಡ. ಇನ್ನೊಬ್ಬರಿಗೆ ಖಲೀಫರ ಗೌರವ ಕಡಿಮೆಯಾಯಿತು. ಆದರೆ ತಪ್ಪು ಯಾವುದೆಂದರೆ ಇಬ್ಬರ ಬಾಯಲ್ಲೂ ಬಂದದ್ದು ದನ. ಅದು ನನಗೆ ಸರಿಹೋಗಲಿಲ್ಲ.

ಪ್ರಾಂಶುಪಾಲರು ಸಜ್ಜನರೆಂದು ಹೆಸರು ಮಾಡಿದವರು. ಕಾಲೇಜಿನ ಹಿತದೃಷ್ಟಿ ಎಂಬ ಮಾತನ್ನು ಅವರು ಎಷ್ಟು ಸಲ ಬಳಸಿದರೋ ಲೆಕ್ಕವಿಡಲಿಲ್ಲ. ಮೇಡಂ ಎರಡೂ ಕಡೆಯವರಿಗೆ ಕ್ಷಮೆ ಕೇಳಬೇಕು, ಅಲ್ಲಿಯವರೆಗೆ ಕ್ಲಾಸು ತೆಗೆದುಕೊಳ್ಳುವಂತಿಲ್ಲ, ಹೊಸ ಆದೇಶದ ಮಾತು ಆಮೇಲೆ. ಇದು ಅವರ ತೀರ್ಮಾನ. ಪಾಠದಲ್ಲಿ ತಪ್ಪಿತ್ತೇ ಎಂದು ಕೇಳಿದೆ. "ತಪ್ಪು ಸರಿ ಪ್ರಶ್ನೆ ಅಲ್ಲ ಇವರೇ," ಎಂದರು. "ಗೇಟಿನಲ್ಲಿ ಜನ ಇದ್ದಾರೆ."

ಮೇಡಂ ಅವರನ್ನು ನಾನು ಮೊದಲು ನೋಡಿದ್ದು ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ. ಕೈಯಲ್ಲಿ ನಮ್ಮ ಪತ್ರಿಕೆ. ಮುಸ್ಲಿಂ ಉಪನ್ಯಾಸಕಿ ವಿರುದ್ಧ ಪ್ರತಿಭಟನೆ ಎಂಬ ತಲೆಬರಹ. ಅದು ಡೆಸ್ಕಿನಲ್ಲಿ ಕೊಟ್ಟದ್ದು.

"ಪ್ರಿನ್ಸಿಪಾಲರ ಜಾತಿ ಬರೆದಿಲ್ಲ ನೀವು," ಎಂದರು, ಕೂರಿ ಎನ್ನದೆ. "ನೀವು ಯಾವ ಕಡೆ?"

"ನಾನು ವರದಿಗಾರ."

"ಅದೂ ಒಂದು ಕಡೆನೇ. ಕೂತ್ಕೊಳ್ಳಿ. ಪೂರ್ತಿ ಪಾಠ ಕೇಳಿ, ಆಮೇಲೆ ಏನಾದ್ರೂ ಬರ್ಕೊಳ್ಳಿ."

ಟೀ ಆರುವವರೆಗೆ ಪಾಠ ಹೇಳಿದರು. ಸ್ನೇಹದಿಂದಲ್ಲ, ತಪ್ಪು ಬರೆಯುತ್ತೇನೆಂಬ ಅನುಮಾನದಿಂದ. ಅಬೂಬಕರ್ ಅಧಿಕಾರಕ್ಕೆ ಬಂದ ಕೂಡಲೇ ಹಲವು ಬುಡಕಟ್ಟುಗಳು ಕೈಬಿಟ್ಟವು. ನಾವು ಕೈ ಕೊಟ್ಟದ್ದು ಪ್ರವಾದಿಗೆ, ಅವರು ಹೋದರು, ಮಾತೂ ಹೋಯಿತು, ಇನ್ನು ಮದೀನಾಕ್ಕೆ ತೆರಿಗೆ ಇಲ್ಲ ಎಂದವು. ಅಬೂಬಕರ್ ಸೈನ್ಯ ಕಳಿಸಿದರು. ಕೊಟ್ಟ ಕೈ ಒಬ್ಬ ಮನುಷ್ಯನಿಗೋ, ಅವನು ಬಿಟ್ಟುಹೋದ ಸಮುದಾಯಕ್ಕೋ ಎಂಬ ಜಗಳ ಕತ್ತಿಯಲ್ಲಿ ತೀರ್ಮಾನವಾಯಿತು. "ಇಲ್ಲಿಗೆ ನನ್ನ ಪಾಠ ನಿಂತಿದೆ," ಎಂದರು. "ಮಾರನೇ ದಿನ ಎರಡನೇ ಖಲೀಫ ಉಮರ್ ಅವರ ಪಾಠ ಮಾಡಬೇಕಿತ್ತು. ರೋಮನ್ನರೂ ಪರ್ಷಿಯನ್ನರೂ ಒಬ್ಬರನ್ನೊಬ್ಬರು ಹೊಡೆದು ಹೊಡೆದು ಸುಸ್ತಾಗಿದ್ರು. ಪ್ಲೇಗ್ ಬಂದು ಹೋಗಿತ್ತು. ಸಿರಿಯಾದ, ಈಜಿಪ್ಟಿನ ಎಷ್ಟೋ ಕ್ರೈಸ್ತರಿಗೆ ತಮ್ಮ ಚಕ್ರವರ್ತಿ ಮೇಲೇ ಸಿಟ್ಟು. ಆಗ ಮರಳುಗಾಡಿನಿಂದ ಇವರು ಬಂದ್ರು. ಗೆದ್ದ ಊರಿನೋರನ್ನ ಮತ ಬದಲಿಸಿ ಅಂತ ಅಷ್ಟಾಗಿ ಒತ್ತಾಯ ಮಾಡ್ಲಿಲ್ಲ, ತೆರಿಗೆ ಹಾಕಿದ್ರು. ಸೈನ್ಯಕ್ಕೆ ಬೇರೆ ಊರು ಕಟ್ಟಿದ್ರು. ಕೊಳ್ಳೆ ಇತ್ತು, ಸೆರೆ ಹಿಡಿದು ಗುಲಾಮರನ್ನಾಗಿ ಮಾಡೋದೂ ಇತ್ತು. ಇದೆಲ್ಲ ಹೇಳಿದ್ರೆ ಆ ಮಾದಪ್ಪಂಗೂ ಹಿಡಿಸಲ್ಲ, ಸತ್ತಾರ್ ಚಾಚಾಗೂ ಹಿಡಿಸಲ್ಲ. ಅವ್ರಿಗೆ ಅರ್ಧರ್ಧ ಬೇಕು."

ಸಂತೆಗೆ ಹೋಲಿಸಿದ್ದು ಅಗತ್ಯವಿತ್ತೇ ಎಂದು ಕೇಳಿದೆ.

"ನನ್ನ ಅಬ್ಬಾ ಮಾಡೋ ಕಸುಬು ಕೀಳು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅದಕ್ಕೇ ಹೋಲಿಸಿದೆ. ಕೀಳು ಅಂದ್ಕೊಂಡೋರಿಗೆ ಅವಮಾನ ಆಗಿದೆ." ಎದ್ದು ಟೀ ದುಡ್ಡು ತಾವೇ ಕೊಟ್ಟು ಹೋದರು. ನನ್ನ ಟೀಯದ್ದು ನನಗೇ ಬಿಟ್ಟರು.

ಸಂತೆ ದಿನ ನಾನು ದನದ ಸಂತೆಗೆ ಹೋದೆ. ಕೆಸರು, ಸಗಣಿ, ನೆಂದ ಹಗ್ಗ. ಸೀಮೆಹಸು ತಂದವರು ಒಂದು ಕಡೆ, ಎತ್ತಿನ ಜೋಡಿಯವರು ಒಂದು ಕಡೆ. ನಿಂತು ನೋಡುತ್ತಿದ್ದಾಗ ಹುಣಸೆಮರದ ಕೆಳಗೆ ಒಂದು ವ್ಯಾಪಾರ ಕುದುರುತ್ತಿತ್ತು. ಕೆಂಪು ಅಂಚಿನ ಟವೆಲ್ಲಿನ ಒಂದು ತುದಿಯಲ್ಲಿ ಮಾದಪ್ಪ. ಇನ್ನೊಂದು ತುದಿಯಲ್ಲಿ ಸತ್ತಾರ್. ಒಳಗೆ ಇಬ್ಬರ ಕೈ. ಮುಖಗಳು ಬೇರೆಬೇರೆ ಕಡೆ ನೋಡುತ್ತಿದ್ದವು, ಪರಿಚಯವೇ ಇಲ್ಲದವರಂತೆ. ಮೊಣಕೈಗಳು ಮಾತ್ರ ಒಟ್ಟಿಗೆ ಅಲುಗುತ್ತಿದ್ದವು.

ಪಕ್ಕದಲ್ಲಿದ್ದ ಎತ್ತಿನವನನ್ನು ಕೇಳಿದೆ. "ಅವ್ರಿಬ್ರೂ ಪಾಲು ಸಾ," ಎಂದ. "ಅವ್ರಪ್ಪಂದ್ರ ಕಾಲದಿಂದ್ಲೂವೆ. ಮಾದಪ್ಪ ಹಳ್ಳಿ ಕಡೆಯಿಂದ ದನ ಇಡೀತಾನ, ಸತ್ತಾರ್ ಸಾಬ್ರು ಕೇರಳದೋರ್ಗ ಮಾತಾಡ್ತಾರ." ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿ ನಕ್ಕ. "ಓದ ಸಂತೇಲಿ ಇಬ್ರಿಗೂ ಮಾನ ಓಯ್ತು ಕಣಿ. ಉಡಿಗಾಲದ ಎಣ್ಣೈದ ಒಂದು, ಕಾಲೇಜಿಗೋಗೋ ಉಡ್ಗಿ, ಅವ್ರಪ್ಪನ ಜೊತ ಬಂದಿತ್ತು. ಇವ್ರು ಟವಲ್ ಆಕಂಡಿದ್ರಲ್ಲ, ಅದು ಬಗ್ಗಿ ಮೂಲೆ ಎತ್ತಿ ನೋಡ್ಬುಡ್ತು. 'ಅಪ್ಪ, ಮಣಿಕಟ್ಟು ಒತ್ತವ್ರೆ, ಕೊಡಬ್ಯಾಡ' ಅಂತು. ಸಂತೆಗ್ ಸಂತೆನೇ ನಗ್ತು."

ಗೇಟಿನಲ್ಲಿ ಘೋಷಣೆ ಕೇಳಿಸಿದ್ದು ಆ ನಗುವಾದ ಮೇಲೆ. ಸಂಜೆ ಚೈತ್ರಾಳನ್ನು ಹುಡುಕಿ ಮಾತಾಡಿಸಿದೆ, ಹೌದೆಂದಳು. ಅವರಪ್ಪನನ್ನೂ ಕೇಳಿದೆ; ಹಸು ಮಾರದೆ ವಾಪಸ್ ಹೊಡೆದುಕೊಂಡು ಬಂದೆ ಎಂದರು. ಅಷ್ಟಾದ ಮೇಲೆ ಬಾಷಾ ಸಾಬರ ಮನೆಗೆ ಹೋದೆ.

ಮಳೆ ನಿಂತು ಬಿಸಿಲು ಬಂದಿದ್ದ ಮಧ್ಯಾಹ್ನ. ಸಾಬರು ಜಗುಲಿಯ ಮೇಲೆ ಕುಳಿತಿದ್ದರು. ಸಂತೆ ದಿನವಲ್ಲದಿದ್ದರೂ ಹೆಗಲ ಮೇಲೆ ಟವೆಲ್ ಇತ್ತು. "ಬಂದು ಏನು ನೋಡ್ತೀರಿ," ಎಂದರು. "ಹೋದ ಸಂತೆಗೆ ಬೆಳಗಿಂದ ನಿಂತಿದ್ದೆ. ಒಬ್ಬನೂ ಕೈ ಕೊಡ್ಲಿಲ್ಲ. ಟವೆಲ್ ಹಾಕಿ ಕೈ ಚಾಚಿದ್ರೆ, ಆ ಕಡೆ ಕೈನೇ ಇಲ್ಲ. ಮಗಳು ಎಮ್ಮೆ ಮಾಡಿದ್ಳು ಅಂತ ಊರಿಗೆಲ್ಲ ಸಿಹಿ ಹಂಚಿದ್ದೆ." ಒಳಗಿನಿಂದ ಮೇಡಂ ಬಂದು, "ಎಂ.ಎ. ಅಬ್ಬಾ," ಎಂದರು. "ಎರಡೂ ಒಂದೇ ಆಯ್ತಲ್ಲ ಈಗ," ಎಂದರು ಸಾಬರು, ನಗದೆ.

ಆಗ ಒಂದು ಬೈಕು ಬಂದು ನಿಂತಿತು. ಮುಂದೆ ಮಾದಪ್ಪ, ಹಿಂದೆ ಸತ್ತಾರ್. ನನ್ನನ್ನು ನೋಡಿ ಇಳಿಯಲು ಹಿಂಜರಿದರು. ಇಬ್ಬರೂ ಒಂದೇ ಬೈಕಿನಲ್ಲಿರುವುದು ಅವರಿಗೂ ಆಗಲೇ ಹೊಳೆದಂತಿತ್ತು.

"ಇದು ಪೇಪರಿಗಲ್ಲ ಸಾ," ಎಂದರು ಮಾದಪ್ಪ.

"ನಾನು ಹಾಗೆ ಒಪ್ಪಿಕೊಂಡಿಲ್ಲ," ಎಂದೆ.

"ಬರ್ಕಳಿ ಬುಡಿ. ನಾವು ಅಂದೇ ಇಲ್ಲ ಅಂತೀವಿ." ಜಗುಲಿಯ ಮೇಲೆ ಕುಳಿತರು. ಮಾತು ಮೇಡಂ ಕಡೆಗಲ್ಲ, ಸಾಬರ ಕಡೆಗೆ. "ಬಾಷಣ್ಣ, ಮುಗಿಸ್ಬುಡನ ಇದ. ನಿನ್ ಮಗ್ಳು ಕ್ಲಾಸಲ್ಲಿ ಒಂದ್ ಮಾತ ಹೇಳ್ಲಿ. ಆ ಮಣಿಕಟ್ಟಿನ ಮಾತು ನಂಗೊತ್ತಿಲ್ದೆ ಹೇಳ್ದೆ, ಹಂಗೇನೂ ಇಲ್ಲ, ತಮಾಷೆಗಂದೆ, ಅಷ್ಟೇಯ. ನಾಳೆಯಿಂದ ನಮ್ಮ ಹೈಕ್ಳು ಗೇಟಿಗ ಬರಲ್ಲ."

"ನಮ್ಮೋರೂ ಬರಲ್ಲ," ಎಂದರು ಸತ್ತಾರ್.

"ಬೈಅತ್ ವಿಷಯ?" ಎಂದು ಮೇಡಂ ಕೇಳಿದರು.

ಸತ್ತಾರ್ ಟೋಪಿ ಸರಿಪಡಿಸಿಕೊಂಡರು. "ಅದು ಇರ್ಲಿ ಬಿಡಮ್ಮ. ಅಲ್ಲಾ ಮಾಫ್ ಮಾಡ್ತಾನೆ."

"ಖಲೀಫರ ಪಾಠ ಮಕ್ಕಳಿಗೆ ಬೇಡ ಅಂದಿದ್ರಲ್ಲ ಮಾದಪ್ಪನವರೇ?"

"ಮಾಡ್ಕವ್ವ. ಯಾರ್ ಬ್ಯಾಡ ಅಂದ್ರು?"

ರಸ್ತೆಯಲ್ಲಿ ಈರುಳ್ಳಿ ಲಾರಿಯೊಂದು ಹೋಯಿತು. ಸಾಬರು ಮಗಳ ಕಡೆ ತಿರುಗಿ ಉರ್ದುವಿನಲ್ಲಿ, "ಬೋಲ್ ದೇ ಬೇಟಿ," ಎಂದರು. ಹೇಳಿಬಿಡು ಮಗಳೇ. ಕೆಲಸ ಉಳಿಯುತ್ತದೆ, ನನ್ನ ಕೈಯೂ ಉಳಿಯುತ್ತದೆ.

"ಒತ್ತೋದು ಸುಳ್ಳಾ ಅಬ್ಬಾ?" ಎಂದರು ಮೇಡಂ, ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ. "ನೀವೇ ಕಲಿಸಿದ್ದು. ಸುಳ್ಳು ಅಂತ ನೀವು ಅಂದ್ರೆ ಈಗ್ಲೇ ಹೋಗಿ ಕ್ಲಾಸಲ್ಲಿ ಹೇಳಿ ಬರ್ತೀನಿ."

ಮಾದಪ್ಪ, ಸತ್ತಾರ್ ಇಬ್ಬರೂ ಸಾಬರ ಬಾಯಿ ನೋಡಿದರು. ಸಾಬರು ಹೆಗಲಿನ ಟವೆಲ್ ತೆಗೆದು ಮಂಡಿಯ ಮೇಲೆ ಹಾಕಿಕೊಂಡರು. ಅದರ ಕೆಳಗೆ ಅವರ ಬಲಗೈ ಇತ್ತು. ಎಡಗೈ ಅದನ್ನು ಹಿಡಿದುಕೊಂಡಿತ್ತು. ಸುಳ್ಳು ಎನ್ನಲಿಲ್ಲ. ನಿಜ ಎಂದೂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಉಳಿದವರಲ್ಲಿ ಅವರ ಮಗಳೂ ಒಬ್ಬರು.

"ಓದ್ಸಬಾರ್ದು ಅನ್ನೋದು ಇದ್ಕೇ ಕಣ್ಲಾ," ಎಂದು ಮಾದಪ್ಪ ಸತ್ತಾರ್‌ಗೆ ಹೇಳುತ್ತ ಬೈಕು ಹತ್ತಿದರು.

ವರದಿ ಕಳಿಸಿದೆ. ಇಬ್ಬರೂ ಪಾಲುದಾರರು, ಸಂತೆಯಲ್ಲಿ ನಡೆದದ್ದು, ಜಗುಲಿಯ ಮಾತು, ಅದನ್ನು ಇಬ್ಬರೂ ಆಮೇಲೆ ಫೋನಿನಲ್ಲಿ ಅಲ್ಲಗಳೆದದ್ದು, ಎಲ್ಲ. ಡೆಸ್ಕಿನಿಂದ ಫೋನು ಬಂತು. ಎರಡು ಸಮುದಾಯದ ವಿಷಯ, ಇದರಲ್ಲಿ ದನ ಬೇರೆ ತರುತ್ತೀಯಾ, ಸಾಕ್ಷಿ ಏನು, ಟವೆಲ್ಲಾ ಎಂದರು. ಕಿವಿಯಾರೆ ಕೇಳಿದ್ದೇನೆ ಎಂದೆ. ಅವರಿಬ್ಬರೂ ಇಲ್ಲ ಅನ್ನುತ್ತಿದ್ದಾರಲ್ಲ ಎಂದರು. ಮರುದಿನ ಒಳಪುಟದ ಮೂಲೆಯಲ್ಲಿ ಅಚ್ಚಾದದ್ದು ಇಷ್ಟು: ಉಪನ್ಯಾಸಕಿ ವಿರುದ್ಧ ಉಭಯ ಸಮುದಾಯಗಳ ಆಕ್ಷೇಪ, ಪ್ರಾಂಶುಪಾಲರಿಂದ ಕ್ರಮದ ಭರವಸೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಊರಿಗೆ ಅದು ಸಾಕಾಯಿತು.

ಮೇಡಂ ಕ್ಷಮೆ ಕೇಳಲಿಲ್ಲ. ಉಳಿದ ಅಧ್ಯಾಯ ಮುಗಿಸಲು ಒಂದೇ ಒಂದು ಕ್ಲಾಸು ಕೇಳಿದರು, ಕೊಡಲಿಲ್ಲ. ಹೊಸ ಆದೇಶದಲ್ಲಿ ಅವರ ಹೆಸರಿರಲಿಲ್ಲ. ಬದಲಿಗೆ ಬಂದವರು ಗೈಡು ನೋಡಿ ಉತ್ತರ ಬರೆಸಿದರು. ಗೇಟಿನಲ್ಲಿ ಮತ್ತೆ ಯಾರೂ ನಿಲ್ಲಲಿಲ್ಲ, ಆದೇಶ ಬಂದ ಸಂಜೆಯೇ ಖಲೀಫರ ಮೇಲಿನ ಊರಿನ ಸಿಟ್ಟು ಇಳಿದುಹೋಗಿತ್ತು. ಸಾಬರು ಸಂತೆ ಬಿಟ್ಟರು. ಮಗಳೊಂದಿಗೆ ಮಾತನ್ನೂ ಬಿಟ್ಟರು ಎಂದು ಆಮೇಲೆ ಕೇಳಿದೆ. ನಮ್ಮ ವರದಿಗಾರರ ಕಾಲು ಸರಿಹೋಯಿತು, ನಾನು ಚಾಮರಾಜನಗರಕ್ಕೆ ಮರಳಿದೆ. ಓಣಂಗೆ ಕೀಳಲು ಬೆಳೆದ ಚೆಂಡುಹೂ ಆ ವರ್ಷ ಮಳೆಗೆ ಗಿಡದಲ್ಲೇ ಕಪ್ಪಾಗಿತ್ತು. ಬಸ್ಸಿನ ಕಿಟಕಿಯಿಂದ ನೋಡಿದೆ, ಕನಿಕರ ಬರಲಿಲ್ಲ.

ಹಲವು ವರ್ಷಗಳ ನಂತರ ಮೊನ್ನೆ ಬೇರೆ ಕೆಲಸಕ್ಕೆ ಗುಂಡ್ಲುಪೇಟೆಗೆ ಹೋಗಿದ್ದೆ. ಸಂತೆ ದಿನವೆಂದು ಗೊತ್ತಾಗಿ ಆ ಕಡೆ ನಡೆದೆ. ಹುಣಸೆಮರ ಹಾಗೇ ಇದೆ. ಅದರ ಕೆಳಗೆ ಮಾದಪ್ಪ ಮತ್ತು ಸತ್ತಾರ್, ಇಬ್ಬರ ತಲೆಯೂ ನೆರೆತಿದೆ, ಮೇಲೆ ಟವೆಲ್. ಹಸುವಿನ ಹಗ್ಗ ಹಿಡಿದಿದ್ದ ಮಧ್ಯವಯಸ್ಸಿನವನೊಬ್ಬ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಯಾವ ಆವೇಶವೂ ಇಲ್ಲದೆ, ನೊಣ ಓಡಿಸುವಷ್ಟೇ ಸಲೀಸಾಗಿ ಹೇಳಿದ:

"ಟವಲ್ ತಗೀರಪ್ಪ."

ಅವರು ಕೇಳಿಸದವರಂತೆ ಇದ್ದರು. ಅವನೇ ಕೈ ಹಾಕಿ ಎಳೆದ. ಇಬ್ಬರು ಮುದುಕರ ಕೈ ಬೆಳಕಿಗೆ ಬಂತು. ಮಾದಪ್ಪನ ಹೆಬ್ಬೆರಳು ಇನ್ನೂ ಸತ್ತಾರ್ ಅವರ ಮಣಿಕಟ್ಟಿನ ಮೇಲೇ ಇತ್ತು. ಅಕ್ಕಪಕ್ಕದವರು ತಿರುಗಿ ನೋಡಿದರೇ ಹೊರತು ನಗಲಿಲ್ಲ. ಇದು ಅಲ್ಲಿ ಈಗ ದಿನನಿತ್ಯದ ಮಾತಿರಬೇಕು.

ಆ ಮಾತು ಎಲ್ಲಿಂದ ಬಂತೆಂದು ಅವನನ್ನು ಕೇಳಿದೆ. "ಎಲ್ರೂ ಅಂಗೇ ಅನ್ನದು ಸಾ ಈಗ. ಉಡಿಗಾಲದ ಕಡೆಯೋರು ಸುರು ಮಾಡುದ್ರು ಅಂತಾರ. ಯಾರ್ದೋ ಮಗ್ಳು ಕಾಲೇಜಲ್ಲಿ ಕಲ್ತು ಬಂದಿತ್ತಂತ."

ಮೇಡಂ ಈಗ ಬದನಗುಪ್ಪೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕಚೇರಿಯಲ್ಲಿದ್ದಾರೆ. ಸಂತೆಯಿಂದಲೇ ಅವರಿಗೆ ಫೋನು ಮಾಡಿದೆ. ಹೆಸರು ಹೇಳಿದ ಮೇಲೂ ದನಿ ಮೆತ್ತಗಾಗಲಿಲ್ಲ. ಕಂಡದ್ದನ್ನು ಕಂಡ ಹಾಗೆ ವರದಿ ಒಪ್ಪಿಸಿದೆ. ಹಿಂದೆ ಯಂತ್ರಗಳ ಸದ್ದಿತ್ತು. ಪೂರ್ತಿ ಕೇಳಿದರು.

"ಅದು ಯಾವ ಪಾಠದಿಂದ ಬಂದ ಮಾತು ಅಂತ ಅವನಿಗೆ ಗೊತ್ತಿತ್ತಾ?"

"ಇಲ್ಲ."

"ಅಬೂಬಕರ್ ಹೆಸರು?"

"ಇಲ್ಲ ಮೇಡಂ."

"ಸರಿ," ಎಂದರು. ಯಾರೋ ಕರೆದದ್ದಕ್ಕೆ ಬಂದೆ ಎಂದು ಉತ್ತರಿಸಿ ಮತ್ತೆ ಫೋನಿಗೆ ಬಂದರು. "ಉಮರ್ ಖಲೀಫರಾಗಿ ಬಂದ ಮೇಲೆ ಒಂದು ಮಾತಿದೆ. ಅವ್ರು ಎದ್ದು ನಿಂತು ಮಾತಾಡೋವಾಗ ಜನರ ಮಧ್ಯದಿಂದ ಯಾರೋ ಎದ್ದು, ನೀನು ಸೊಟ್ಟಗೆ ಹೋದ್ರೆ ನಮ್ಮ ಕತ್ತಿಯಿಂದ ನೆಟ್ಟಗೆ ಮಾಡ್ತೀವಿ ಅಂದನಂತೆ. ಕತೆನೋ ನಿಜಾನೋ, ಅದನ್ನೂ ಹೇಳಬೇಕಿತ್ತು ಆ ಮಕ್ಕಳಿಗೆ. ಅದು ಮಾರನೇ ದಿನದ ಕ್ಲಾಸು."

ಫೋನು ಇಟ್ಟರು. ಮರದ ಕೆಳಗೆ ಟವೆಲ್ ಕೆಸರಿನಲ್ಲಿ ಬಿದ್ದಿತ್ತು. ಸತ್ತಾರ್ ಬಗ್ಗಿ ಎತ್ತಿ, ಹಿಂಡಿ, ಒಣಗಲು ಮಾದಪ್ಪನ ಹೆಗಲಿಗೆ ಹಾಕಿದರು.